ಹೆದ್ದಾರಿಗೆ ಜಾಗ ಉಂಟು, ನಮಗೆ ಇಲ್ಲ

ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದು ಹೋಗುತ್ತವೆ. ಒಂದು 75ನೇ ನಂಬ್ರದ್ದು. ಮಂಗಳೂರಿನಿಂದ ಬಿ.ಸಿ. ರೋಡ್, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಶಿರಾಡಿ ಅಂತ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವುದು. ಇನ್ನೊಂದು 275. ಮಾಣಿಯಲ್ಲಿ ಕವಲೊಡೆದು ಕಬಕ, ಪುತ್ತೂರು, ಕುಂಬ್ರ, ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ, ಮೈಸೂರಿನ ಮೇಲೆ ಅದೇ ಬೆಂಗಳೂರಿಗೆ ಹೋಗುವುದು. ಮೊದಲನೆಯದಕ್ಕೆ ನಾಲ್ಕು ಪಥದ ಕೆಲಸ 2017ರಲ್ಲಿ ಶುರುವಾಗಿ, ನಡುವಲ್ಲಿ ನಿಂತು, 2021ರಲ್ಲಿ ಎರಡು ತುಂಡು ಮಾಡಿ ಬೇರೆಯವರ ಕೈಗೆ ಹೋಯಿತು. ಎರಡನೆಯದೂ ನಾಲ್ಕು ಪಥ ಆಗಬೇಕು ಅಂತ ಕೂಗು ಎದ್ದಿದೆ. ಪೇಟೆಯ ವ್ಯಾಪಾರಿ ಕೇಳುತ್ತಾನೆ, ಅಡಿಕೆ ಸಾಹುಕಾರ ಕೇಳುತ್ತಾನೆ, ಸುಬ್ರಹ್ಮಣ್ಯಕ್ಕೆ ಕಾರಿನಲ್ಲಿ ಬರುವ ಭಕ್ತನೂ ಕೇಳುತ್ತಾನೆ. ಕೇಳಲಿ. ರಸ್ತೆ ಬೇಡ ಅನ್ನುವವರು ನಾವಲ್ಲ.

ನಾವು ಕೇಳುವುದು ಬೇರೆ. ಆ ರಸ್ತೆ ಅಗಲವಾಗುವುದು ಯಾವ ಕಡೆಗೆ? ಬಲಕ್ಕೋ, ಎಡಕ್ಕೋ? ಬಲದಲ್ಲಿ ವರ್ಗ ಜಾಗ, ಎಡದಲ್ಲಿ ಪರಂಬೋಕು ಇದ್ದರೆ ಮಾರ್ಕಿನ ಕಲ್ಲು ಎಲ್ಲಿ ಬೀಳುತ್ತದೆ ಅಂತ ಹೇಳುವುದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ನಮ್ಮ ಕಾಲೊನಿಯ ಚಿಕ್ಕ ಹುಡುಗ ಹೇಳುತ್ತಾನೆ.

ನಮ್ಮವರು ಯಾಕೆ ರಸ್ತೆ ಬದಿಯಲ್ಲಿ, ತೋಡಿನ ಬದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಸ್ಮಶಾನದ ಬದಿಯಲ್ಲಿ ಇದ್ದಾರೆ? ಇದನ್ನು ಮೊದಲು ಬಿಡಿಸಿ ಹೇಳಬೇಕು. ಯಾಕೆಂದರೆ ಇವತ್ತಿನ ಪರಿಹಾರದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿರುವುದು.

ಈ ಪುತ್ತೂರಿನಲ್ಲೇ ಬಾಳಿ ಬದುಕಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. ಚೋಮನಿಗೆ ಇದ್ದದ್ದು ಒಂದೇ ಆಸೆ, ತಾನೂ ಒಂದು ತುಂಡು ಭೂಮಿ ಬೇಸಾಯ ಮಾಡಬೇಕು ಅಂತ. ಸಿಗಲಿಲ್ಲ. ಓದಿದವರು ಕಣ್ಣೀರು ಹಾಕಿದರು, ಸಿನೆಮಾ ನೋಡಿದವರೂ ಹಾಕಿದರು. ನಲ್ವತ್ತು ವರ್ಷ ಕಳೆದ ಮೇಲೆ 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ದಕ್ಷಿಣ ಕನ್ನಡದಲ್ಲಿ ಗೇಣಿಗೆ ಮಾಡುತ್ತಿದ್ದ ಸಾವಿರಾರು ಒಕ್ಕಲುಗಳು ಏಳನೇ ನಂಬ್ರದ ಫಾರ್ಮು ಹಾಕಿದರು, ಭೂಮಿಯ ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಚೋಮನಿಗೆ ಆಗ ಏನು ಸಿಗುತ್ತಿತ್ತು? ಏನೂ ಇಲ್ಲ! ಯಾಕಂದ್ರೆ ಚೋಮ ಗೇಣಿದಾರನಲ್ಲ. ಅವನು ಮೂಲದಾಳು. ಗೇಣಿಚೀಟಿ ಅವನ ಹೆಸರಿನಲ್ಲಿ ಇಲ್ಲ. ಉತ್ತದ್ದು ಅವನು, ನೆಟ್ಟದ್ದು ಅವನ ಹೆಂಡತಿ, ಕೊಯ್ದದ್ದು ಅವನ ಮಕ್ಕಳು. ಕಾಗದದಲ್ಲಿ ‘ಉಳುವವನು’ ಮಾತ್ರ ಬೇರೊಬ್ಬ. 1979ರ ಜೂನ್ 30ಕ್ಕೆ ಅರ್ಜಿ ಹಾಕುವ ಅವಧಿಯೂ ಮುಗಿಯಿತು. ಹಳೇ ದಣಿ ಹೋದ, ಹೊಸ ದಣಿ ಬಂದ. ಆಳು ಆಳಾಗಿಯೇ ಉಳಿದ.

ಉಳಿದದ್ದು ಸರಕಾರಿ ಜಾಗ. ಅದಕ್ಕೂ ನಮ್ಮ ಜಿಲ್ಲೆಯಲ್ಲಿ ಬೀಗ ಉಂಟು. ವರ್ಗದಾರನ ಹಿಡುವಳಿಯಿಂದ ನೂರು ಗಜದವರೆಗೆ ಕುಮ್ಕಿ. ಸೊಪ್ಪು ಸೌದೆಗೆ ಬಳಸಿಕೊಳ್ಳಿ ಅಂತ ಕೊಟ್ಟ ಸವಲತ್ತು ಅಷ್ಟೇ, ಒಡೆತನ ಸರಕಾರದ್ದು. ಆದರೆ ಆ ಕುಮ್ಕಿಯಲ್ಲಿ ನಮ್ಮವನೊಬ್ಬ ಗುಡಿಸಲು ಹಾಕಿದರೆ ವರ್ಗದಾರ ಕೇಸು ಹಾಕುತ್ತಾನೆ. ಅವನೇ ಅಲ್ಲಿ ರಬ್ಬರು ಹಾಕಿದರೆ ಕೇಳುವವರಿಲ್ಲ. ಇನ್ನು ಡಿ.ಸಿ. ಮನ್ನಾ. ಮದ್ರಾಸು ಸರಕಾರದ ಕಾಲದಲ್ಲಿ ನಮಗೆಂದೇ ಮೀಸಲಿಟ್ಟ ಜಾಗ ಅದು. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದವರು ಎಷ್ಟೋ ಮಂದಿ ಇದ್ದಾರೆ. ಅದು ಡಿಪ್ರೆಸ್ಡ್ ಕ್ಲಾಸ್, ಅಂದರೆ ನಾವು. ನಮ್ಮ ಹೆಸರೇ ಅದರ ಮೇಲಿದ್ದರೂ ಆ ಜಾಗ ಹಂಚಿ ಕೊಡಿ ಅಂತ ಈ ಜಿಲ್ಲೆಯ ದಲಿತರು ವರ್ಷಗಟ್ಟಲೆ ತಾಲೂಕು ಕಚೇರಿ ಮುಂದೆ ಕೂರಬೇಕಾಗಿ ಬಂದಿದೆ.

ಹೀಗೆ ವರ್ಗದಿಂದ ಹೊರಗೆ, ಕುಮ್ಕಿಯಿಂದ ಹೊರಗೆ ಬಿದ್ದವರು ಎಲ್ಲಿಗೆ ಹೋಗಬೇಕು? ರಸ್ತೆ ಬದಿಗೆ ಬಂದರು. ಮೇರರು, ಮೊಗೇರರು, ಆದಿದ್ರಾವಿಡರು, ನಲಿಕೆಯವರು, ಕೊರಗರು. ಯಾರ ಬೇಲಿಯೂ ಇಲ್ಲದ ಕಡೆ ನಾಲ್ಕು ಕಂಬ ನೆಟ್ಟರು. ಆಗ ಅದು ಎತ್ತಿನ ಗಾಡಿ ಹೋಗುವ ದಾರಿ. ಆಮೇಲೆ ಜಿಲ್ಲಾ ರಸ್ತೆ ಆಯಿತು, ರಾಜ್ಯ ಹೆದ್ದಾರಿ ಆಯಿತು, ಈಗ ರಾಷ್ಟ್ರೀಯ ಹೆದ್ದಾರಿ. ಜನ ಇದ್ದಲ್ಲೇ ಇದ್ದಾರೆ, ರಸ್ತೆಯೇ ಅವರ ಹತ್ತಿರ ಬಂತು. ಈಗ ಅವರಿಗೆ ಹೇಳುವುದೇನು? ನೀವು ಹೆದ್ದಾರಿಯನ್ನು ಒತ್ತುವರಿ ಮಾಡಿದ್ದೀರಿ!

ಈಗ ಸರ್ವೆ ನಡೆಯುವ ರೀತಿ ನೋಡಿ. ಕೆಂಪು ಬಣ್ಣದ ಡಬ್ಬಿ ಹಿಡಿದವರು ಬರುತ್ತಾರೆ.

‘ಇದು ನಿಮ್ಮದಾ ಜಾಗ?’

‘ನಮ್ಮದೇ ಸಾರ್. ನನ್ನ ಅಜ್ಜನೂ ಇಲ್ಲೇ ಇದ್ದದ್ದು.’

‘ಆರ್.ಟಿ.ಸಿ. ಉಂಟಾ?’

‘ಅದು ಇಲ್ಲ ಸಾರ್. ರೇಷನ್ ಕಾರ್ಡು ಉಂಟು, ಕರೆಂಟು ಬಿಲ್ಲು ಉಂಟು.’

‘ಅದೆಲ್ಲ ಆಗುದಿಲ್ಲ.’

ಗೋಡೆಗೆ ಕೆಂಪು ಗೀಟು ಎಳೆದು ಹೋಗುತ್ತಾರೆ. ಹತ್ತಿರದ ತೋಟದವರ ಮನೆಯಲ್ಲಿ ಅದೇ ದಿನ ಅವರು ಜಗಲಿ ಹತ್ತಿ ಕೂತು ಬೊಂಡ ಕುಡಿದು, ಅಡಿಕೆ ಮರ ಎಷ್ಟು, ತೆಂಗು ಎಷ್ಟು, ಕೆರೆ ಎಷ್ಟು ಆಳ, ಪಂಪುಸೆಟ್ಟು ಎಷ್ಟು ಹೆಚ್.ಪಿ. ಅಂತ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ, ಅದು ಕಾನೂನು. ಮರಕ್ಕೆ ಬೆಲೆ ಉಂಟು. ಆದರೆ ಮೂವತ್ತು ವರ್ಷ ಆ ಮರ ಹತ್ತಿ ಮದ್ದು ಬಿಟ್ಟವನು, ಕೊನೆ ತೆಗೆದವನು, ಆ ಮರದ ಬುಡಕ್ಕೆ ಗೊಬ್ಬರ ಹೊತ್ತ ಹೆಂಗಸು, ಅಂಗಳದಲ್ಲಿ ಅಡಿಕೆ ಸುಲಿದ ಮುದುಕಿ, ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? ತೋಟ ಹೋದರೆ ಧಣಿಗೆ ದುಡ್ಡು ಬರುತ್ತದೆ, ಇವರಿಗೆ ಕೆಲಸ ಹೋಗುತ್ತದೆ.

ಇನ್ನೊಂದು ಮಾತು. ರಸ್ತೆ ಬದಿಯ ದೈವದ ಕಟ್ಟೆಯನ್ನು ಸರಿಸಬೇಕಾದರೆ ಪ್ರಶ್ನೆ ಇಡಿಸುತ್ತಾರೆ, ದೈವದ ಅಪ್ಪಣೆ ಕೇಳುತ್ತಾರೆ, ಬೇರೆ ಜಾಗ ಹುಡುಕುತ್ತಾರೆ, ಪ್ರತಿಷ್ಠೆ ಮಾಡುತ್ತಾರೆ. ದೈವ ಕಟ್ಟುವವನು ನಮ್ಮವನು. ಅವನ ಮನೆಯನ್ನು ಸರಿಸುವಾಗ ಯಾರ ಅಪ್ಪಣೆಯೂ ಬೇಡ, ಜೇಸೀಬಿ ಸಾಕು.

ಹಾಗಾದರೆ ಕಾನೂನು ನಮಗೆ ಏನೂ ಕೊಟ್ಟಿಲ್ಲವಾ? ಕೊಟ್ಟಿದೆ. ಇದನ್ನು ನಮ್ಮ ಜನ ತಿಳಿಯಬೇಕು, ಕಚೇರಿಯವರು ಹೇಳುವುದಿಲ್ಲ.

ಹೆದ್ದಾರಿಗೆ ಭೂಮಿ ತೆಗೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾನೂನಿನಲ್ಲಿ. ಮೊದಲು 3ಎ ಅಧಿಸೂಚನೆ. ಅದು ಬಂದ 21 ದಿನದೊಳಗೆ ತಕರಾರು ಹಾಕಬೇಕು. ಆಮೇಲೆ 3ಡಿ. ಅದು ಬಂತೆಂದರೆ ಜಾಗ ಕೇಂದ್ರ ಸರಕಾರದ್ದಾಯಿತು. ಆಮೇಲೆ 3ಜಿ, ಅದರಲ್ಲಿ ಪರಿಹಾರದ ಲೆಕ್ಕ. ಹಿಂದೆ ಈ ಕಾನೂನಿನಲ್ಲಿ ಪರಿಹಾರ ಕಡಿಮೆ ಇತ್ತು. 2013ರಲ್ಲಿ ಹೊಸ ಭೂಸ್ವಾಧೀನ ಕಾನೂನು ಬಂತು. ಅದರ ಪರಿಹಾರದ ಅನುಸೂಚಿ, ಪುನರ್ವಸತಿಯ ಅನುಸೂಚಿ ಎರಡೂ 2015ರ ಜನವರಿ 1ರಿಂದ ಹೆದ್ದಾರಿಗೂ ಅನ್ವಯ ಆಗುತ್ತವೆ. ಮಾರುಕಟ್ಟೆ ದರ, ಗ್ರಾಮಾಂತರವಾದರೆ ಅದಕ್ಕೆ ಎರಡು ಪಟ್ಟಿನವರೆಗೆ, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ. ಇದನ್ನೆಲ್ಲ ಭೂಮಿ ಇದ್ದವರು ಬಾಯಿಪಾಠ ಮಾಡಿದ್ದಾರೆ. ಅವರಿಗೆ ವಕೀಲರಿದ್ದಾರೆ.

ಅದೇ ಕಾನೂನಿನ ಮೂರನೇ ಸೆಕ್ಷನ್ನಿನಲ್ಲಿ ‘ಬಾಧಿತ ಕುಟುಂಬ’ ಅಂದರೆ ಯಾರು ಅಂತ ಬರೆದಿದೆ. ಅದನ್ನು ಯಾರೂ ಬಾಯಿಪಾಠ ಮಾಡಿದ ಹಾಗೆ ಕಾಣುವುದಿಲ್ಲ. ಭೂಮಿ ಇಲ್ಲದವನೂ ಬಾಧಿತನೇ. ಆ ಜಾಗದಲ್ಲಿ ಸ್ವಾಧೀನಕ್ಕಿಂತ ಮೊದಲು ಮೂರು ವರ್ಷ ಕೂಲಿ ಮಾಡಿ ಅದರಿಂದಲೇ ಹೊಟ್ಟೆ ಹೊರೆದವನು, ಗೇಣಿಗೆ ಮಾಡಿದವನು, ಕೈಕಸುಬಿನವನು, ಎಲ್ಲರೂ ಬಾಧಿತರು. ಸರಕಾರದ ಯೋಜನೆಯಲ್ಲಿ ಜಾಗ ಮಂಜೂರಾದವನು ಬಾಧಿತ. ಪೇಟೆ ವ್ಯಾಪ್ತಿಯ ಜಾಗದಲ್ಲಿ ಮೂರು ವರ್ಷದಿಂದ ವಾಸವಿದ್ದವನು ಬಾಧಿತ. ಪುನರ್ವಸತಿ ಅನುಸೂಚಿ ಇನ್ನೂ ಮುಂದೆ ಹೋಗುತ್ತದೆ. ಸ್ವಂತ ನಿವೇಶನ ಇಲ್ಲದಿದ್ದರೂ ಅಧಿಸೂಚನೆಗೆ ಮೊದಲು ಮೂರು ವರ್ಷ ಎಡೆಬಿಡದೆ ಅಲ್ಲಿ ವಾಸವಿದ್ದು ಎಬ್ಬಿಸಲ್ಪಟ್ಟ ಕುಟುಂಬಕ್ಕೆ ಮನೆ ಕೊಡಬೇಕು. ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಾಧಾರ, ಸಾಮಾನು ಸಾಗಿಸಲು 50,000, ನೆಲೆಯೂರಲು ಇನ್ನೊಂದು 50,000. ಕೆಲಸ, ಇಲ್ಲವಾದರೆ ಒಂದೇ ಸಲಕ್ಕೆ 5 ಲಕ್ಷ, ಇಲ್ಲವಾದರೆ ಇಪ್ಪತ್ತು ವರ್ಷ ತಿಂಗಳಿಗೆ ಕನಿಷ್ಠ 2,000. ಇದು ಯಾರದೋ ಭಾಷಣ ಅಲ್ಲ ಬಂಧುಗಳೇ, ಪಾರ್ಲಿಮೆಂಟು ಮಾಡಿದ ಕಾನೂನು.

ಹಾಗಿದ್ದ ಮೇಲೆ ನಮ್ಮವರಿಗೆ ಯಾಕೆ ಸಿಗುವುದಿಲ್ಲ? ಮೂರು ಕಡೆ ಬಾಗಿಲು ಮುಚ್ಚಿದೆ.

ಮೊದಲನೆಯದು, ಲೆಕ್ಕ ಹಿಡಿಯುವವರೇ ಇಲ್ಲ. 2013ರ ಕಾನೂನಿನಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಅಂತ ಒಂದುಂಟು. ಊರಿಗೆ ಬಂದು, ಸಭೆ ಕರೆದು, ಯಾರ್ಯಾರು ಬದುಕು ಕಳಕೊಳ್ಳುತ್ತಾರೆ ಅಂತ ಬರೆಯಬೇಕು. ಹೆದ್ದಾರಿ ಕಾನೂನಿನಲ್ಲಿ ಮಾಡುವ ಸ್ವಾಧೀನಕ್ಕೆ ಆ ಅಧ್ಯಯನ ಬೇಡ ಅಂತ ಬಿಟ್ಟಿದ್ದಾರೆ. ಹಾಗಾಗಿ ಅಧಿಸೂಚನೆಯಲ್ಲಿ ಸರ್ವೆ ನಂಬ್ರ ಇರುತ್ತದೆ, ಸೆಂಟ್ಸು ಇರುತ್ತದೆ, ಪಹಣಿಯಲ್ಲಿದ್ದ ಹೆಸರು ಇರುತ್ತದೆ. ಮನುಷ್ಯರು ಇರುವುದಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಪರಂಬೋಕು ಜಾಗವನ್ನು ಸರಕಾರ ‘ಸ್ವಾಧೀನ’ ಮಾಡಿಕೊಳ್ಳುವುದೇ ಇಲ್ಲ. ಅದು ಮೊದಲೇ ಸರಕಾರದ್ದಲ್ಲವಾ! ಸ್ವಾಧೀನ ಇಲ್ಲದ ಮೇಲೆ ಅಧಿಸೂಚನೆ ಇಲ್ಲ, ಅಧಿಸೂಚನೆ ಇಲ್ಲದ ಮೇಲೆ ಬಾಧಿತ ಕುಟುಂಬ ಇಲ್ಲ. 2002ರಲ್ಲಿ ಹೆದ್ದಾರಿ ಜಾಗದ ನಿಯಂತ್ರಣಕ್ಕೆ ಇನ್ನೊಂದು ಕಾನೂನು ಮಾಡಿದ್ದಾರೆ. ಅದರ ಪ್ರಕಾರ ನೋಟೀಸು ಕೊಟ್ಟು ಎಬ್ಬಿಸಬಹುದು. ಒಂದೇ ರಸ್ತೆ, ಒಂದೇ ಕಾಮಗಾರಿ, ಒಂದೇ ದಿನ ಓಡುವ ಜೇಸೀಬಿ. ಬೇಲಿಯ ಆಚೆಗಿನವನಿಗೆ ಪರಿಹಾರದ ಚೆಕ್ಕು, ಈಚೆಗಿನವನಿಗೆ ಒತ್ತುವರಿ ತೆರವಿನ ನೋಟೀಸು. ಇಲ್ಲಿ ಒಂದು ನೆನಪಿಡಿ. ಮುಂಬಯಿಯ ಫುಟ್‌ಪಾತಿನ ಜನರ ಕೇಸಿನಲ್ಲಿ, ಓಲ್ಗಾ ಟೆಲಿಸ್ ಕೇಸು ಅಂತ ಹೆಸರು, ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತು: ಬದುಕುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಸೇರಿದೆ, ನೋಟೀಸು ಕೊಡದೆ, ಮಾತು ಕೇಳದೆ ಎಬ್ಬಿಸುವಂತಿಲ್ಲ ಅಂತ. ಆ ಜನರನ್ನು ಎಬ್ಬಿಸಬಹುದು ಅಂತಲೂ ಅದೇ ತೀರ್ಪು ಹೇಳಿತು, ಅದನ್ನೂ ಮರೆಯಬಾರದು. ಕೋರ್ಟು ಕೊಟ್ಟದ್ದು ಸ್ವಲ್ಪ ಉಸಿರಾಡಲು ಸಮಯ. ಆ ಸಮಯದಲ್ಲಿ ನಾವು ಏನು ಮಾಡುತ್ತೇವೆ ಅನ್ನುವುದು ನಮ್ಮ ಕೈಯಲ್ಲಿ.

ಮೂರನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆಂದು ಕಾನೂನು ಕೊಟ್ಟ ಹೆಚ್ಚಿನ ರಕ್ಷಣೆಯ ಮಾತು. ಓದಿದರೆ ಸಂತೋಷ ಆಗುತ್ತದೆ. ಅನುಸೂಚಿತ ಪ್ರದೇಶದಲ್ಲಿ ಗ್ರಾಮಸಭೆಯ ಒಪ್ಪಿಗೆ ಬೇಕು, ಅಲ್ಲಿಂದ ಎಬ್ಬಿಸಲ್ಪಟ್ಟವರಿಗೆ ಹೆಚ್ಚುವರಿ 50,000 ಅಂತೆಲ್ಲ. ಆದರೆ ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶ ಅಂತ ಘೋಷಣೆ ಆದ ಒಂದು ಹಳ್ಳಿಯೂ ಇಲ್ಲ. ನಮ್ಮ ಕೊರಗರಿಗೆ, ಮಲೆಕುಡಿಯರಿಗೆ, ಮರಾಟಿಗರಿಗೆ ಆ ರಕ್ಷಣೆ ಪುಸ್ತಕದಲ್ಲಿ ಮಾತ್ರ.

ಪೇಟೆ ಬೆಳೆಯುವ ವಿಷಯವನ್ನೂ ಸ್ವಲ್ಪ ನೋಡಬೇಕು. ಪುತ್ತೂರು ಪುರಸಭೆ ಹೋಗಿ ನಗರಸಭೆ ಆಯಿತು. ಕಬಕದಿಂದ ನೆಹರೂನಗರ, ಬೊಳುವಾರು, ದರ್ಬೆ, ಮುಕ್ರಂಪಾಡಿ, ಸಂಪ್ಯದವರೆಗೆ ಈಗ ಒಂದೇ ಪೇಟೆಯ ಹಾಗೆ ಕಾಣುತ್ತದೆ. ಸುಳ್ಯದ್ದೂ ಅದೇ ಕಥೆ. ಕಡಬ ತಾಲೂಕಾಯಿತು, ಪಟ್ಟಣ ಪಂಚಾಯತು ಆಯಿತು. ಊರು ಪೇಟೆ ಆದರೆ ನಮ್ಮವರಿಗೂ ಒಳ್ಳೆಯದೇ. ಪೇಟೆಯಲ್ಲಿ ಹೋಟೆಲಿನ ಒಳಗೆ ಕೂತು ಚಾ ಕುಡಿಯಬಹುದು, ಹಳ್ಳಿಯ ದಣಿಯ ಕಣ್ಣು ತಪ್ಪಿಸಿ ಬೇರೆ ಕೆಲಸ ಹಿಡಿಯಬಹುದು. ಆದರೆ ಪೇಟೆ ಗಡಿಯೊಳಗೆ ಸೇರಿದ ಕೂಡಲೇ ಭೂಮಿಯ ಲೆಕ್ಕ ಬದಲಾಗುತ್ತದೆ. ಗ್ರಾಮಾಂತರದಲ್ಲಿ ಎರಡು ಪಟ್ಟಿನವರೆಗೆ ಹೋಗುವ ಗುಣಾಕಾರ ಪೇಟೆಯಲ್ಲಿ ಒಂದೇ. ಪೇಟೆಯ ಮಾರ್ಗದರ್ಶಿ ದರ ಹೆಚ್ಚಲ್ಲವಾ ಅಂತ ಕೇಳಬಹುದು. ಮುಖ್ಯರಸ್ತೆಗೆ ಮುಖ ಮಾಡಿದ ಜಾಗಕ್ಕೆ ಹೆಚ್ಚು. ಹಿಂದುಗಡೆಯ ಐದು ಸೆಂಟ್ಸ್ ಕಾಲೊನಿಗೆ? ಇನ್ನು ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮಕ್ಕೆ ಹಳ್ಳಿಯಲ್ಲಿ 94 ಸಿ, ಪೇಟೆಯಲ್ಲಿ 94 ಸಿಸಿ. ಹಳ್ಳಿ ಇದ್ದಾಗ ಹಾಕಿದ ಅರ್ಜಿ ವಿಲೇವಾರಿ ಆಗುವ ಮೊದಲೇ ಊರು ಪೇಟೆಗೆ ಸೇರಿದರೆ ಕಡತವನ್ನು ಆ ಮೇಜಿನಿಂದ ಈ ಮೇಜಿಗೆ ದೂಡುವುದಕ್ಕೆ ಗುಮಾಸ್ತನಿಗೆ ಒಂದು ನೆವ ಸಿಕ್ಕಿತು. ‘ರಸ್ತೆ ಪರಂಬೋಕು’ ಅಂತ ಒಂದು ಷರಾ ಬರೆದರೆ ಅಲ್ಲಿಗೆ ಮುಗೀತು.

ದೊಡ್ಡ ಪೇಟೆಯ ಹೊರವಲಯದಲ್ಲಿ ದೊಡ್ಡ ರಸ್ತೆ ಬಂದರೆ ಏನಾಗುತ್ತದೆ ಅಂತ ನೋಡಬೇಕಾದರೆ ನಮ್ಮ 275 ಹೋಗಿ ಮುಟ್ಟುವ ಊರನ್ನೇ ನೋಡಿ. ಬೆಂಗಳೂರು. 1997ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ 111 ಕಿಲೋಮೀಟರ್ ಎಕ್ಸ್‌ಪ್ರೆಸ್ ರಸ್ತೆ, ನಡುವೆ ಹೊಸ ಟೌನುಗಳು ಅಂತ ನೈಸ್ ಕಂಪೆನಿಯ ಜೊತೆ ಸರಕಾರ ಒಪ್ಪಂದ ಮಾಡಿಕೊಂಡಿತು. 20,193 ಎಕರೆಯ ಲೆಕ್ಕ. ಬೆಂಗಳೂರಿನ ಸುತ್ತ ಟೋಲ್ ರಸ್ತೆ ಆಯಿತು, ಮೈಸೂರನ್ನು ಅದು ಇವತ್ತಿಗೂ ಮುಟ್ಟಿಲ್ಲ. 2016ರಲ್ಲಿ ಸದನ ಸಮಿತಿ ಕೂತು ಅಕ್ರಮಗಳ ಪಟ್ಟಿ ಮಾಡಿತು. ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ಅದರಾಚೆ ಇನ್ನೊಂದು ವರ್ತುಲ ರಸ್ತೆ, ಸುಮಾರು 73 ಕಿಲೋಮೀಟರ್. 2005ರಲ್ಲಿ ಮೊದಲ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಹದಿನೆಂಟು ವರ್ಷ ಆ ರೈತರು ಜಾಗ ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬ್ಯಾಂಕಿನ ಸಾಲ ಇಲ್ಲ. 2013ರ ಕಾನೂನಿನ ಪರಿಹಾರ ಕೊಡಿ ಅಂದರೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸ್ವಾಧೀನಕ್ಕೆ ಆ ಕಾನೂನು ಅನ್ವಯವಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ರಸ್ತೆಗೆ ಬಿಸಿನೆಸ್ ಕಾರಿಡಾರ್ ಅಂತ ಹೊಸ ಹೆಸರಿಟ್ಟರು. ಅಲ್ಲಿ ಹೆಸರಿಗೆ ಪಹಣಿ ಇದ್ದವರ ಗತಿಯೇ ಇದು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೊಲಗೇರಿಯ ಜನರ ಹೆಸರು ಆ ಚರ್ಚೆಯಲ್ಲಿ ಎಲ್ಲಾದರೂ ಕೇಳಿದ್ದೀರಾ?

ಅದೇ 275ರ ಮೇಲಿನ ತುಂಡು, ಬೆಂಗಳೂರು ಮೈಸೂರು ದಶಪಥ, 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಎಂಟು ಸಾವಿರ ಕೋಟಿ ದಾಟಿದ ಖರ್ಚು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಹೋಗಬಾರದು ಅಂತ ಆಜ್ಞೆ ಆಯಿತು. ಅಪಘಾತದಲ್ಲಿ ಜನ ಸಾಯುತ್ತಿದ್ದರು, ಅದಕ್ಕೆ ಅಂತ ಕಾರಣ. ಕಾರಣ ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಭೂಮಿ ಹಳ್ಳಿಯದ್ದು, ಬೆವರು ಹಳ್ಳಿಯದ್ದು, ಹಳ್ಳಿಯವನ ಗಾಡಿಗೆ ಬದಿಯ ಸರ್ವಿಸ್ ರಸ್ತೆ. ದೇವಸ್ಥಾನದ ಸುತ್ತಿನ ರಸ್ತೆಯಲ್ಲಿ ನಾವೂ ನಡೆಯಬೇಕು ಅಂತ 1924-25ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆಯಿತು. ನೂರು ವರ್ಷ ಆಯಿತು. ಆಗ ರಸ್ತೆಗೆ ಇಳಿಯುವವನ ಜಾತಿ ಕೇಳುತ್ತಿದ್ದರು. ಈಗ ಗಾಡಿಗೆ ಎಷ್ಟು ಚಕ್ರ ಅಂತ ಕೇಳುತ್ತಾರೆ. ನಾಲ್ಕು ಚಕ್ರ ಇದ್ದವರು ನಮ್ಮಲ್ಲಿ ಎಷ್ಟು ಜನ ಅಂತ ನೀವೇ ಎಣಿಸಿ.

ನಮಗೆ ಬೇಕಾದ ರಸ್ತೆ ಇನ್ನೊಂದು ಉಂಟು. ಹೆದ್ದಾರಿಯಿಂದ ಕಾಲೊನಿಗೆ ಹೋಗುವ ಕಾಲು ಕಿಲೋಮೀಟರ್. ಮಳೆಗಾಲದಲ್ಲಿ ಅಲ್ಲಿ ಆಟೋ ಬರುವುದಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಕುರ್ಚಿಯಲ್ಲಿ ಹೊತ್ತು ತರಬೇಕು, ಹೆಣವನ್ನೂ ಹಾಗೇ. ಆ ಕಾಲು ಕಿಲೋಮೀಟರಿಗೆ ಅಡ್ಡ ಯಾರು? ಹೆಚ್ಚಿನ ಕಡೆ ಒಬ್ಬರ ತೋಟ. ‘ನನ್ನ ವರ್ಗ ಜಾಗದಲ್ಲಿ ರಸ್ತೆ ಬಿಡುವುದಿಲ್ಲ’ ಅನ್ನುತ್ತಾರೆ. ಹೆದ್ದಾರಿಗೆ ಕೇಳಿದರೆ ಎರಡು ಎಕರೆ ಬಿಟ್ಟವರು ನಮಗೆ ಎರಡು ಅಡಿ ಬಿಡುವುದಿಲ್ಲ. ಹೆದ್ದಾರಿಗೆ ಬಲವಂತದ ಸ್ವಾಧೀನ ಮಾಡುವ ಸರಕಾರಕ್ಕೆ ಕಾಲೊನಿ ರಸ್ತೆ ಅಂದರೆ ‘ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಿ.’ ಸುಳ್ಯ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು, ಕಡಬವೂ ಅದರಲ್ಲೇ ಸೇರಿದೆ. ಮೀಸಲು ಕ್ಷೇತ್ರ ಅಂದರೆ ಸೀಟು ನಮ್ಮದು, ಓಟು ಎಲ್ಲರದ್ದು, ಮಾತು ಪಕ್ಷದ್ದು. ಯಾವ ಪಕ್ಷ ಅಂತ ಹೆಸರು ಹೇಳುವ ಅಗತ್ಯ ಇಲ್ಲ.

ದುಡ್ಡು ಇಲ್ಲ ಅಂತ ಮಾತ್ರ ಹೇಳಬೇಡಿ. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾನೂನು ಈ ರಾಜ್ಯದಲ್ಲಿ 2013ರಲ್ಲೇ ಬಂದಿದೆ. ಅದರಲ್ಲಿ 7 ಡಿ ಅಂತ ಒಂದು ಕಳ್ಳಗಿಂಡಿ ಇಟ್ಟಿದ್ದರು. ದೊಡ್ಡ ಕಾಮಗಾರಿ ಎಲ್ಲರಿಗೂ ಉಪಯೋಗ, ದಲಿತರಿಗೂ ಉಪಯೋಗ, ಆದ್ದರಿಂದ ಅದರ ಒಂದು ಪಾಲು ದಲಿತರಿಗೆ ಖರ್ಚಾಯಿತು ಅಂತ ಬರೆದುಕೊಳ್ಳಬಹುದು! ನಾವು ನಡೆಯದ ಸೇತುವೆಗೆ ನಮ್ಮ ಹೆಸರಿನಲ್ಲಿ ಖರ್ಚು. ಹೋರಾಟ ಮಾಡಿ ಮಾಡಿ 2023ರಲ್ಲಿ ಆ 7 ಡಿ ಕಿತ್ತು ಹಾಕಿಸಿದ್ದಾಯಿತು. ಈಗ ಆ ದುಡ್ಡಿಗೆ ಕಾಲೊನಿಯ ದಾರಿ ಕಾಣಿಸಬೇಕು.

ಕೂಗಿದರೆ ಆಗುತ್ತದಾ ಅಂತ ಕೇಳುವವರಿಗೆ ಸುರತ್ಕಲ್ ನೆನಪು ಮಾಡುತ್ತೇವೆ. ನಮ್ಮ ಜಿಲ್ಲೆಯಲ್ಲೇ, 66ನೇ ಹೆದ್ದಾರಿಯಲ್ಲಿ, ಆ ಟೋಲ್ ಗೇಟನ್ನು ತೆಗೆಸಲು ಜನ ವರ್ಷಗಟ್ಟಲೆ ರಸ್ತೆಯಲ್ಲಿ ಕೂತರು. 2022ರ ಡಿಸೆಂಬರ್ 1ರಿಂದ ಅಲ್ಲಿ ಟೋಲ್ ನಿಂತಿತು. ಟೋಲ್ ಗೇಟಿಗೆ ಕಾರಿನವರೂ ಬಂದು ಕೂರುತ್ತಾರೆ. ಪರಂಬೋಕಿನ ಮನೆಗೆ ನಾವೇ ಕೂರಬೇಕು, ಅದು ಗೊತ್ತಿದ್ದದ್ದೇ.

ನಮ್ಮ ಬೇಡಿಕೆ ಇಷ್ಟು. ಈ ಮೂರು ತಾಲೂಕುಗಳಲ್ಲಿ 275ಕ್ಕೆ ಹೊಸ 3ಎ ಅಧಿಸೂಚನೆ ಹೊರಡುವ ಮೊದಲು ರಸ್ತೆಯ ಎರಡೂ ಬದಿಯ ಮನೆಮನೆಯ ಲೆಕ್ಕ ಆಗಬೇಕು. ಹಕ್ಕುಪತ್ರ ಇರಲಿ ಬಿಡಲಿ, ವಾಸ ಇದ್ದವರ ಹೆಸರು, ಕೂಲಿ ಮಾಡುವವರ ಹೆಸರು ಬರೆಯಬೇಕು. ಬಾಕಿ ಇರುವ 94 ಸಿ, 94 ಸಿಸಿ, ಅಕ್ರಮ ಸಕ್ರಮದ ಅರ್ಜಿಗಳನ್ನು ರಸ್ತೆಯ ನಕ್ಷೆ ಕೈಗೆ ಬರುವ ಮೊದಲು ತೀರ್ಮಾನ ಮಾಡಬೇಕು. ನಕ್ಷೆ ಬಂದ ಮೇಲೆ ‘ಇದು ಹೆದ್ದಾರಿಗೆ ಬೇಕು’ ಅಂತ ತಿರಸ್ಕರಿಸುವ ಆಟ ನಡೆಯಬಾರದು. ಪರಂಬೋಕಿನಿಂದ ಎಬ್ಬಿಸುವುದಾದರೆ ಅದೇ ಗ್ರಾಮದ ಡಿ.ಸಿ. ಮನ್ನಾ ಜಾಗದಲ್ಲಿ ಮೊದಲು ನಿವೇಶನ, ಮನೆ, ನೀರು, ಆಮೇಲೆ ಜೇಸೀಬಿ. ಡಿ.ಸಿ. ಮನ್ನಾವನ್ನು ಯಾರು ನುಂಗಿ ಕೂತಿದ್ದಾರೆ ಅಂತ ಸರ್ವೆ ಮಾಡುವುದಕ್ಕೂ ಅದೇ ಕೆಂಪು ಬಣ್ಣದ ಡಬ್ಬಿ ಸಾಕು. ಗುಡ್ಡ ಕಡಿದು ರಸ್ತೆ ಮಾಡುವಲ್ಲಿ ಮೇಲಿನ ಮತ್ತು ಕೆಳಗಿನ ಮನೆಗಳಿಗೆ ತಡೆಗೋಡೆ ಮೊದಲು ಆಗಬೇಕು. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲೆ ಜೋಡುಪಾಲದಲ್ಲಿ ಗುಡ್ಡ ಹೇಗೆ ಬಂತು ಅಂತ ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಸರಕಾರ ಲೆಕ್ಕ ಮಾಡುವವರೆಗೆ ನಾವು ಕಾಯುವುದು ಬೇಡ. ಪ್ರತಿ ಕಾಲೊನಿಯಲ್ಲಿ ಓದು ಬರಹ ಬಲ್ಲ ಇಬ್ಬರು, ಅದರಲ್ಲಿ ಒಬ್ಬಳು ಹುಡುಗಿ, ಒಂದು ನೋಟು ಪುಸ್ತಕ ಹಿಡಿದು ಮನೆಮನೆಗೆ ಹೋಗಲಿ. ಮನೆಯ ಯಜಮಾನ ಯಜಮಾನಿಯ ಹೆಸರು, ಎಷ್ಟು ವರ್ಷದಿಂದ ಇದ್ದಾರೆ, ರಸ್ತೆಯ ನಡುಗೆರೆಯಿಂದ ಮನೆಗೆ ಎಷ್ಟು ಅಡಿ, ಯಾರ ತೋಟದಲ್ಲಿ ಎಷ್ಟು ವರ್ಷದಿಂದ ಕೆಲಸ ಅಂತ ಬರೆಯಲಿ. ಮೂರು ವರ್ಷದ ವಾಸ ತೋರಿಸುವ ಕಾಗದ ಯಾವುದಿದ್ದರೂ ಸರಿ. ಓಟಿನ ಪಟ್ಟಿ, ರೇಷನ್ ಕಾರ್ಡು, ಕರೆಂಟು ಬಿಲ್ಲು, ಪಂಚಾಯತಿನ ಮನೆ ತೆರಿಗೆ ರಶೀದಿ, ಮಕ್ಕಳ ಶಾಲೆಯ ದಾಖಲೆ, ಉದ್ಯೋಗ ಖಾತರಿ ಕಾರ್ಡು, 94 ಸಿ ಅರ್ಜಿ ಕೊಟ್ಟ ಸ್ವೀಕೃತಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿಯಲು ಬಿಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮೂಲ ಕಾಗದವನ್ನು ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿ, ನಮ್ಮ ಪೈಕಿಯವನಾದರೂ ಕೊಡಬೇಡಿ. ಜೆರಾಕ್ಸ್ ಮಾತ್ರ ಕೊಡಿ. ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಡಿ. ಹಿಂದೆ ಮಂಜೂರಾದ ಜಾಗವನ್ನು ರಸ್ತೆ ಬರುತ್ತದೆ ಅಂತ ಹೆದರಿಸಿ ಕಡಿಮೆಗೆ ಕೇಳುವವರು ಬಂದರೆ 1978ರ ಪಿ.ಟಿ.ಸಿ.ಎಲ್. ಕಾನೂನಿನ ಹೆಸರು ಹೇಳಿ. ಸರಕಾರದ ಅನುಮತಿ ಇಲ್ಲದೆ ಆ ಮಾರಾಟ ನಡೆಯುವುದಿಲ್ಲ.

ಮುಂದಿನ ತಾಲೂಕು ಸಭೆಗೆ ಬರುವಾಗ ಆ ನೋಟು ಪುಸ್ತಕ ತನ್ನಿ. ಮೂರು ತಾಲೂಕಿನ ಪುಸ್ತಕಗಳನ್ನು ಒಟ್ಟು ಸೇರಿಸಿ, ಒಂದು ಪ್ರತಿ ಪುತ್ತೂರಿನ ಸಹಾಯಕ ಕಮಿಷನರ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದು, ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಹೆದ್ದಾರಿ ಇಲಾಖೆಗೆ. ನಾಲ್ಕನೆಯದು ನಮ್ಮಲ್ಲೇ ಇರುತ್ತದೆ. 3ಎ ಹೊರಟ ದಿನ 21 ದಿನದ ಗಡಿಯಾರ ಶುರು. ಆ ದಿನ ಕಾಗದ ಹುಡುಕುತ್ತಾ ಕೂರುವ ಹಾಗೆ ಆಗಬಾರದು.